ಲೆನ್ಸ್ ಒರೆಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಕ್ಯಾಮೆರಾ ಹಿಡಿದವರು ನಾಲ್ಕು ಜನ ಕೂಡಿದರೆ, ಯಾವ ಲೆನ್ಸ್ ಕೊಳ್ಳಬೇಕೆಂಬ ಚರ್ಚೆ ಮುಗಿದ ಮೇಲೆ ಮಾತು ಇರುವ ಲೆನ್ಸನ್ನು ಹೇಗೆ ಒರೆಸಬೇಕೆಂಬುದರ ಕಡೆಗೆ ಹೊರಳುತ್ತದೆ. ಹಾಗೆ ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲಿಗಿವೆ. ಬೂಷ್ಟು, ಮಬ್ಬು, ಸೆನ್ಸರ್ ಮುಂತಾದ ತೊಡಕಿನ ವಿಷಯಗಳು ಕೊನೆಗಿವೆ.

ಮೊದಲ ಪಾಠಗಳು

ಲೆನ್ಸನ್ನು ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು?

ದಿನಗಳ ಲೆಕ್ಕ ಇಟ್ಟುಕೊಳ್ಳುವ ಅಗತ್ಯವಿಲ್ಲ. ಚಿತ್ರಕ್ಕೆ ತೊಂದರೆ ಕೊಡುವಂಥ ಕಲೆ ಕಂಡಾಗ ಮಾತ್ರ ಗಾಜನ್ನು ಮುಟ್ಟಿದರೆ ಸಾಕು. ಗಾಳಿ ಊದುವ ರಬ್ಬರ್ ಬುರುಡೆಯಾದ ಬ್ಲೋವರಿನಿಂದ ಧೂಳು ಹಾರಿಸುವುದನ್ನು ಪ್ರತಿ ಸಲ ಹೊರಗೆ ಹೋಗಿ ಬಂದಾಗಲೂ ಮಾಡಬಹುದು, ಏಕೆಂದರೆ ಗಾಳಿಯಿಂದ ಗಾಜು ಸವೆಯುವುದಿಲ್ಲ. ಒರೆಸುವುದು ಬೇರೆಯ ಮಾತು. ನಾನು ವಾರಕ್ಕೆರಡು ದಿನ ಬಳಸುವ ಲೆನ್ಸಿಗೆ ದ್ರವ ತಾಗುವುದು ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರ. ಇಷ್ಟು ವರ್ಷಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಗೀರಿದ ಲೆನ್ಸುಗಳಲ್ಲಿ ಹೆಚ್ಚಿನವು ಕೊಳೆಯಿಂದ ಕೆಟ್ಟವಲ್ಲ, ಕೊಳೆ ತೆಗೆಯುವ ಅವಸರದಿಂದ ಕೆಟ್ಟವು.

ಲೆನ್ಸಿನ ಮುಂಭಾಗದ ಗಾಜಿನ ಮೇಲೆ ಧೂಳು ಕಾಣುತ್ತಿದೆ. ಫೋಟೋದಲ್ಲಿ ಅದು ಬರುವುದಿಲ್ಲವೇ?

ಬಹುಮಟ್ಟಿಗೆ ಬರುವುದಿಲ್ಲ. ಮುಂದಿನ ಗಾಜಿನ ಮೇಲಿರುವ ಕಣ ಫೋಕಸ್‌ನಿಂದ ಎಷ್ಟೋ ದೂರದಲ್ಲಿರುವುದರಿಂದ ಅದರ ನೆರಳು ಇಡೀ ಚಿತ್ರದ ಮೇಲೆ ಹರಡಿ ಕಾಣದಂತಾಗುತ್ತದೆ. ಅಗಲಕೋನದ ಲೆನ್ಸಿನಲ್ಲಿ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಬಹಳ ಕಿರಿದು ಮಾಡಿದಾಗ, ಅಥವಾ ಸೂರ್ಯನೋ ಬೀದಿದೀಪವೋ ಎದುರಿಗೇ ಇದ್ದಾಗ ಮಾತ್ರ ಧೂಳು ಮಸುಕಾದ ಬಿಳಿ ಚುಕ್ಕೆಗಳಾಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಧೂಳಿಗಿಂತ ಬೆರಳಿನ ಜಿಡ್ಡು ಹೆಚ್ಚು ಕೆಡುಕು ಮಾಡುತ್ತದೆ: ಅದು ಬೆಳಕನ್ನು ಚದುರಿಸಿ ಚಿತ್ರದ ಕಪ್ಪನ್ನು ಬೂದಿಯಾಗಿಸುತ್ತದೆ. ಕ್ಯಾಮೆರಾದ ಕಡೆಗಿರುವ ಹಿಂದಿನ ಗಾಜಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು; ಅದು ಚಿತ್ರವನ್ನು ದಾಖಲಿಸುವ ಸೆನ್ಸರಿಗೆ ಹತ್ತಿರವಿರುವುದರಿಂದ ಅದರ ಮೇಲಿನ ಕಲೆಯೂ ಗೀರೂ ಚಿತ್ರದಲ್ಲಿ ಬೇಗ ಗೋಚರವಾಗುತ್ತವೆ.

ಅಂಗಿಯ ತುದಿಯಿಂದ ಒರೆಸುತ್ತಲೇ ಬಂದಿದ್ದೇನೆ, ಏನೂ ಆಗಿಲ್ಲ. ನಿಜವಾಗಿಯೂ ಅಪಾಯವಿದೆಯೇ?

ಇದೆ, ಮತ್ತು ಆ ಅಪಾಯದ ಮೂಲ ಅಂಗಿಯಲ್ಲ, ಅಂಗಿಗೂ ಗಾಜಿಗೂ ನಡುವೆ ಸಿಕ್ಕಿಕೊಳ್ಳುವ ಕಣ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಎಲ್ಲರೂ ನೋಡಿದ್ದೇವೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯೇ ಬೆಂಗಳೂರಿನ ನೆಲದ ತಳಪಾಯ. ಅದರಲ್ಲಿ ಸ್ಫಟಿಕಶಿಲೆಯ, ಅಂದರೆ ಕ್ವಾರ್ಟ್ಜಿನ, ಕಣಗಳು ಧಾರಾಳವಾಗಿವೆ. ಗಡಸುತನವನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ಕ್ವಾರ್ಟ್ಜಿನ ಸ್ಥಾನ 7, ಸಾಮಾನ್ಯ ಗಾಜಿನದು ಸುಮಾರು 5.5. ಹೆಚ್ಚು ಗಡಸಾದದ್ದು ಕಡಿಮೆ ಗಡಸಾದದ್ದನ್ನು ಗೀರುತ್ತದೆ ಎಂಬುದೇ ಆ ಮಾಪಕದ ಅರ್ಥ. ನಮ್ಮ ರಸ್ತೆಗಳ ಮಣ್ಣಿನ ಪುಡಿ, ಬೀದಿಗೊಂದರಂತೆ ನಡೆಯುವ ಕಟ್ಟಡ ಕೆಲಸದ ಎಂ-ಸ್ಯಾಂಡ್ ಎರಡೂ ಇಂಥ ಬಂಡೆಗಳಿಂದಲೇ ಬಂದವು.

ಈ ಪಾಠವನ್ನು ನಾನು ಕಲಿತದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಜನಸಂದಣಿಯಲ್ಲಿ ಎದ್ದ ಧೂಳು ನನ್ನ 50 ಮಿ.ಮೀ. ಲೆನ್ಸಿನ ಮೇಲೆ ಕೂತಿತ್ತು. ಒಂದು ಒಳ್ಳೆಯ ದೃಶ್ಯ ತಪ್ಪಿಹೋಗುತ್ತದೆಂಬ ಆತುರದಲ್ಲಿ ಜುಬ್ಬದ ಅಂಚಿನಿಂದ ಎರಡು ಸುತ್ತು ಉಜ್ಜಿದೆ. ಮನೆಗೆ ಬಂದು ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಬಿಲ್ಲಿನಂತೆ ಬಾಗಿದ ಮೂರು ಗೀರುಗಳು. ಅವು ಇಂದಿಗೂ ಅಲ್ಲೇ ಇವೆ. ಆ ಚಿತ್ರವೂ ಚೆನ್ನಾಗಿ ಬಂದಿರಲಿಲ್ಲ.

ಲೆನ್ಸಿನ ಮೇಲೆ ಹಸಿರು, ನೇರಳೆ ಬಣ್ಣ ಹೊಳೆಯುತ್ತದಲ್ಲ, ಅದು ಒರೆಸಿದರೆ ಹೋಗುವಂಥದ್ದೇ?

ಆ ಬಣ್ಣ ಕೊಳೆಯಲ್ಲ, ಪ್ರತಿಫಲನವನ್ನು ತಗ್ಗಿಸಲು ಹಚ್ಚಿದ ಲೇಪನದ ಹೊಳಪು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯಿಂದ ಸುಮಾರು ಶೇ. 4ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಹತ್ತು ಹನ್ನೆರಡು ಗಾಜುಗಳಿರುವ ಲೆನ್ಸಿನಲ್ಲಿ ಈ ನಷ್ಟ ಸೇರುತ್ತಾ ಹೋಗುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ ಅವರು ಇದಕ್ಕೆ ಪರಿಹಾರವಾಗಿ ನಿರ್ವಾತದಲ್ಲಿ ತೆಳುಪದರ ಕೂರಿಸುವ ವಿಧಾನವನ್ನು ರೂಪಿಸಿದರು. ಇಂದಿನ ಲೆನ್ಸುಗಳ ಮೇಲೆ ಇಂಥ ಹಲವು ಪದರಗಳಿರುತ್ತವೆ. ಒಂದು ಪದರದ ದಪ್ಪ ಬೆಳಕಿನ ತರಂಗದ ಉದ್ದದ ಸುಮಾರು ಕಾಲುಭಾಗ, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. ಸರಿಯಾಗಿ ಒರೆಸಿದರೆ ಅದಕ್ಕೇನೂ ಆಗುವುದಿಲ್ಲ. ಆದರೆ ಪಾತ್ರೆ ತಿಕ್ಕಿದಂತೆ ತಿಕ್ಕಿದರೆ ಮೊದಲು ಹೋಗುವುದು ಅದೇ.

ಮನೆಯಲ್ಲಿ ಏನೇನು ಸಾಮಾನು ಇಟ್ಟುಕೊಳ್ಳಬೇಕು?

ಕೈಯಿಂದ ಹಿಚುಕುವ ಒಳ್ಳೆಯ ರಬ್ಬರ್ ಬ್ಲೋವರ್, ಮೃದು ಕೂದಲಿನ ಒಂದು ಕುಂಚ, ಎರಡು ಮೂರು ಮೈಕ್ರೋಫೈಬರ್ ಬಟ್ಟೆ, ಒಂದು ಕಟ್ಟು ಲೆನ್ಸ್ ಟಿಶ್ಯೂ, ಸಣ್ಣ ಸೀಸೆಯಲ್ಲಿ ಲೆನ್ಸ್ ದ್ರವ ಮತ್ತು ಒಂದು ಟಾರ್ಚ್ ಇದ್ದರೆ ಸಾಕು. ಹಣ ಒಂದಕ್ಕೇ ಸಾಲುವುದಾದರೆ ಬ್ಲೋವರನ್ನೇ ಕೊಳ್ಳಿ. ಕುಂಚದ ಕೂದಲನ್ನು ಬೆರಳಿನಿಂದ ಸವರಿ ನೋಡುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಬೆರಳಿನ ಜಿಡ್ಡು ಕೂದಲಿಗೂ ಅಲ್ಲಿಂದ ಗಾಜಿಗೂ ದಾಟುತ್ತದೆ.

ಸರಿಯಾದ ಕ್ರಮವನ್ನು ಒಂದೊಂದಾಗಿ ಹೇಳುತ್ತೀರಾ?

ಮುಟ್ಟದೆ ಮಾಡುವುದು ಮೊದಲು, ಮುಟ್ಟಿ ಮಾಡುವುದು ನಂತರ, ಒದ್ದೆ ಮಾಡುವುದು ಕೊನೆಗೆ. ಒಂದು ಹಂತದಲ್ಲಿ ಗಾಜು ಶುಭ್ರವಾದರೆ ಮುಂದಿನ ಹಂತಕ್ಕೆ ಹೋಗಲೇಬಾರದು. ಫ್ಯಾನ್ ಆರಿಸಿ, ಲೆನ್ಸಿನ ಮುಖ ಕೆಳಗೆ ಬಾಗುವಂತೆ ಹಿಡಿದು, ಬ್ಲೋವರಿನ ಮೂತಿ ಗಾಜಿಗೆ ತಾಗದಂತೆ ಎಂಟು ಹತ್ತು ಬಾರಿ ಗಾಳಿ ಹಾಯಿಸಿ. ಅಂಚಿನ ಸಂದಿಯಲ್ಲಿ ಉಳಿದ ಕಣಗಳನ್ನು ಕುಂಚದ ತುದಿಯಿಂದ ಹಗುರವಾಗಿ ಹೊರಕ್ಕೆ ತಳ್ಳಿ ಮತ್ತೊಮ್ಮೆ ಗಾಳಿ ಹಾಯಿಸಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಕಣಗಳು ಹೋಗಿ ಜಿಡ್ಡು ಮಾತ್ರ ಉಳಿದಿದೆಯೆಂದು ಖಾತ್ರಿಯಾದ ಮೇಲೆಯೇ ಬಟ್ಟೆ ಕೈಗೆತ್ತಿಕೊಳ್ಳಬೇಕು.

ದ್ರವ ಬೇಕಾದರೆ ಅದನ್ನು ಗಾಜಿನ ಮೇಲೆ ಸುರಿಯದೆ, ಟಿಶ್ಯೂವಿನ ಮೇಲೆ ಒಂದೆರಡು ಹನಿ ಹಾಕಿಕೊಳ್ಳಿ. ಗಾಜಿನ ಮೇಲೆ ನೇರವಾಗಿ ಬಿದ್ದ ಹನಿ ಅಂಚಿಗೆ ಹರಿದು, ಗಾಜಿಗೂ ಚೌಕಟ್ಟಿಗೂ ನಡುವಿನ ಕಿರಿದಾದ ಸಂದಿಯಲ್ಲಿ ತಾನಾಗಿ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಒಳಗೆ ಹೋದದ್ದನ್ನು ಹೊರಗೆ ತರಲು ಲೆನ್ಸನ್ನೇ ಬಿಚ್ಚಬೇಕಾಗುತ್ತದೆ. ಟಿಶ್ಯೂವನ್ನು ಮಡಚಿ, ತನ್ನ ಭಾರಕ್ಕಿಂತ ಹೆಚ್ಚೇನೂ ಒತ್ತದೆ, ನಡುವಿನಿಂದ ಆರಂಭಿಸಿ ಸುರುಳಿಯಂತೆ ಅಂಚಿನ ಕಡೆಗೆ ಒಯ್ಯಿರಿ. ಅಂಚು ಮುಟ್ಟಿದ ಟಿಶ್ಯೂ ನಡುವಿಗೆ ಮರಳಬಾರದು. ಎರಡನೆಯ ಸುತ್ತಿಗೆ ಹೊಸ ಟಿಶ್ಯೂ ತೆಗೆದುಕೊಳ್ಳಿ. ಇಲ್ಲಿ ಉಳಿತಾಯದ ಬುದ್ಧಿ ತೋರಿಸಿದರೆ ನಷ್ಟವೇ ಹೆಚ್ಚು.

ಬಾಯಿಂದ ಊದಿದರೆ ಸಾಲದೇ? ಕನ್ನಡಕಕ್ಕೆ ಹಾಗೇ ಮಾಡುತ್ತೇವಲ್ಲ.

ಊದುವುದೂ ಹಬೆ ಬಿಡುವುದೂ ಬೇರೆ ಬೇರೆ. ರಭಸವಾಗಿ ಊದಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಂಜಲಿನ ಹನಿಗಳು ಗಾಜಿನ ಮೇಲೆ ಕೂರುತ್ತವೆ. ಆಗತಾನೇ ಕಾಫಿ ಕುಡಿದಿದ್ದರೆ ಕೇಳುವುದೇ ಬೇಡ. ಬಾಯಿ ಅಗಲವಾಗಿ ತೆರೆದು ಮೆಲ್ಲಗೆ ಬಿಟ್ಟ ಹಬೆ ತೆಳ್ಳಗಿನ ನೀರಿನ ಪದರವಾಗಿ ಕೂರುವುದರಿಂದ, ಧೂಳು ಹಾರಿಸಿದ ನಂತರ ಹೊಸ ಬೆರಳಚ್ಚನ್ನು ತೆಗೆಯಲು ಅದು ಹೊರಗಡೆ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ದ್ರವ ಇರುವಾಗ ಅದರ ಅಗತ್ಯವಿಲ್ಲ.

ಬಟ್ಟೆ, ದ್ರವ ಮತ್ತು ಮನೆಮದ್ದುಗಳು

ತಾತನ ಹಳೆಯ ಪಂಚೆಯ ತುಂಡು ಬಹಳ ಮೃದುವಾಗಿದೆ. ಅದು ಆಗುತ್ತದೆಯೇ?

ಹಲವು ನೂರು ಬಾರಿ ಒಗೆದ ಹತ್ತಿ ಬಟ್ಟೆ ಮೃದುವಾಗಿರುವುದು ನಿಜ, ಮತ್ತು ಮೈಕ್ರೋಫೈಬರ್ ಬರುವ ಮೊದಲು ಎಷ್ಟೋ ಸ್ಟುಡಿಯೋಗಳಲ್ಲಿ ಅದನ್ನೇ ಬಳಸುತ್ತಿದ್ದರು. ಒಗೆಯುವ ಕಲ್ಲಿನ ಮೇಲೆ ಬಡಿದು, ತಾರಸಿಯ ಮೇಲೆ ಒಣಗಿಸಿದ ಬಟ್ಟೆಯ ನೂಲುಗಳಲ್ಲಿ ಏನೇನು ಸೇರಿಕೊಂಡಿದೆಯೆಂದು ತಿಳಿಯುವುದಿಲ್ಲವೆಂಬುದೇ ನನ್ನ ಆಕ್ಷೇಪ. ಗಂಜಿ ಹಾಕಿದ ಬಟ್ಟೆಯಂತೂ ಬೇಡವೇ ಬೇಡ. ಪಂಚೆಯ ತುಂಡನ್ನು ಲೆನ್ಸಿನ ಹೊರಮೈ ಒರೆಸಲು ಇಟ್ಟುಕೊಳ್ಳಿ.

ಮೈಕ್ರೋಫೈಬರ್ ಬಟ್ಟೆಯನ್ನು ಒಗೆಯಬಹುದೇ?

ಒಗೆಯಲೇಬೇಕು. ಕ್ಯಾಮೆರಾ ಚೀಲದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಬಟ್ಟೆ ಜಿಡ್ಡನ್ನು ತೆಗೆಯುವುದಿಲ್ಲ, ಹರಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪವೇ ಸೋಪಿನ ದ್ರವ ಹಾಕಿ ಕೈಯಲ್ಲಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಮನೆಯೊಳಗೆ ನೆರಳಿನಲ್ಲಿ ಒಣಗಿಸಬೇಕು. ಬಟ್ಟೆಗೆ ಪರಿಮಳವನ್ನೂ ನುಣುಪನ್ನೂ ಕೊಡುವ ಕಂಡೀಶನರ್ ಹಾಕಬಾರದು. ಅದು ನೂಲಿನ ಮೇಲೆ ಉಳಿಸುವ ಜಿಡ್ಡು ಗಾಜಿನ ಮೇಲೆ ಗೆರೆಗಳಾಗಿ ಕಾಣುತ್ತದೆ. ಒಗೆದದ್ದನ್ನು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಡಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವುದು ಕೂಡದು.

ಲೆನ್ಸ್‌ಪೆನ್ ಒಳ್ಳೆಯದೋ, ದ್ರವ ಒಳ್ಳೆಯದೋ?

ಎರಡಕ್ಕೂ ಅವುಗಳದೇ ಕೆಲಸವಿದೆ. ಲೆನ್ಸ್‌ಪೆನ್ನಿನ ತುದಿಯಲ್ಲಿರುವ ಮೆತ್ತೆಗೆ ಇಂಗಾಲದ ನಯವಾದ ಪುಡಿ ಹಚ್ಚಿರುತ್ತಾರೆ. ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ಒಂದು ಬೆರಳಚ್ಚಿಗೆ ಅದಕ್ಕಿಂತ ಚುರುಕಾದ ಸಾಧನವಿಲ್ಲ. ಆದರೆ ಆ ಮೆತ್ತೆಯಲ್ಲಿ ಒಂದು ಮರಳ ಕಣ ಸಿಕ್ಕಿಕೊಂಡರೆ ನಮಗೆ ಗೊತ್ತಾಗುವುದಿಲ್ಲ, ಅದನ್ನು ಒಗೆಯಲೂ ಆಗುವುದಿಲ್ಲ. ಗಾಜು ಒದ್ದೆಯಾಗಿದ್ದಾಗ ಬಳಸಿದರೆ ಪುಡಿ ಅಂಟಾಗುತ್ತದೆ. ಹೊರಗೆ ಹೋಗುವಾಗ ಪೆನ್ನು, ಮನೆಯಲ್ಲಿ ಟಿಶ್ಯೂ ಮತ್ತು ದ್ರವ ಎಂಬುದು ನಾನು ಅನುಸರಿಸುವ ಕ್ರಮ.

ಮೆಡಿಕಲ್ ಸ್ಟೋರಿನ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಬಳಸಬಹುದೇ? ಎರಡೂ ಆಲ್ಕೊಹಾಲ್ ತಾನೇ?

ಆಲ್ಕೊಹಾಲ್ ಎಂಬ ಹೆಸರೊಂದೇ ಸಾಲದು, ಅದರ ಜೊತೆ ಇನ್ನೇನಿದೆ ಎಂಬುದೇ ಮುಖ್ಯ. ಸ್ಯಾನಿಟೈಸರಿನಲ್ಲಿ ಕೈಯ ಚರ್ಮ ಒಡೆಯದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿಶ್ರಣದಲ್ಲಿಯೇ ಅದರ ಪಾಲು ಶೇ. 1.45. ಆಲ್ಕೊಹಾಲ್ ಆರಿಹೋದ ಮೇಲೆ ಆ ಗ್ಲಿಸರಿನ್ ಗಾಜಿನ ಮೇಲೆಯೇ ಉಳಿದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಜೆಲ್ ರೂಪದ್ದಾದರೆ ಅದನ್ನು ಗಟ್ಟಿಮಾಡುವ ಅಂಟೂ ಇರುತ್ತದೆ. ಗಾಯಕ್ಕೆ ಹಚ್ಚುವ ಸ್ಪಿರಿಟಿನಲ್ಲಿ ನೀರೂ, ಕುಡಿಯಲು ಬಾರದಂತೆ ಮಾಡುವ ವಸ್ತುಗಳೂ ಸೇರಿರಬಹುದು.

ಬೇಕಾದದ್ದು ಶೇ. 99ರ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲ್. ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು ಇದನ್ನು ಮಾರುತ್ತಾರೆ. ಬಿಡಿಯಾಗಿ ಬಾಟಲಿಗೆ ತುಂಬಿಸಿಕೊಡುವುದನ್ನು ಒಪ್ಪದೆ ಮುದ್ರೆಯಿರುವ ಡಬ್ಬಿಯನ್ನೇ ಕೇಳಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮುಚ್ಚಳ ಬಿಗಿಯಾಗಿರಬೇಕು. ಬೇಗ ಹೊತ್ತಿಕೊಳ್ಳುವುದರಿಂದ ದೇವರ ದೀಪದ ಬಳಿಯೂ ಗ್ಯಾಸ್ ಒಲೆಯ ಬಳಿಯೂ ಅದನ್ನು ತೆರೆಯಬಾರದು. ಲೆನ್ಸಿನ ಮೇಲೆ ಅಚ್ಚಾದ ಅಂಕಿಗಳಿಗೂ ರಬ್ಬರ್ ಉಂಗುರಕ್ಕೂ ಅದನ್ನು ತಾಗಿಸದಿರುವುದು ಒಳ್ಳೆಯದು. ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಪ್ಲಾಸ್ಟಿಕ್ ಭಾಗಗಳನ್ನೂ ಬಣ್ಣವನ್ನೂ ಕರಗಿಸುವುದರಿಂದ ಅದರ ಯೋಚನೆಯೇ ಬೇಡ.

ಕಿಟಕಿ ಒರೆಸುವ ದ್ರವ, ಟೂತ್‌ಪೇಸ್ಟ್, ವಿಭೂತಿ: ಇವುಗಳ ಬಗ್ಗೆ ಏನು ಹೇಳುತ್ತೀರಿ?

ಕಿಟಕಿಯ ದ್ರವದಲ್ಲಿ ಬಣ್ಣ, ಪರಿಮಳ, ನೊರೆ ಬರಿಸುವ ವಸ್ತು, ಕೆಲವದರಲ್ಲಿ ಅಮೋನಿಯಾ ಕೂಡ ಇರುತ್ತವೆ. ಲೇಪನವಿರುವ ಗಾಜಿಗೆ ಇವು ಯಾವುವೂ ಬೇಡ. ಟೂತ್‌ಪೇಸ್ಟ್ ಹಲ್ಲಿನ ಕಲೆಯನ್ನು ತೆಗೆಯುವುದೇ ಅದರೊಳಗಿನ ನುಣ್ಣಗಿನ ಉಜ್ಜುಪುಡಿಯಿಂದ. ಬೆಳ್ಳಿ ದೀಪವನ್ನು ವಿಭೂತಿಯಿಂದ ತಿಕ್ಕಿದಾಗ ಹೊಳಪು ಬರುವುದೂ ಅದೇ ಕಾರಣಕ್ಕೆ: ಮೇಲಿನ ತೆಳುಪದರ ಸವೆದು ಹೋಗುತ್ತದೆ. ಬೆಳ್ಳಿಯಲ್ಲಿ ಸವೆಯುವುದು ಕಪ್ಪು. ಲೆನ್ಸಿನಲ್ಲಿ ಸವೆಯುವುದು ಲೇಪನ.

ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಸಬಹುದೇ? ಡಬ್ಬಿಯಲ್ಲಿ ಬರುವ ಗಾಳಿ?

ಎರಡೂ ಬೇಡ. ಟೈರಿಗೆ ತುಂಬುವ ಗಾಳಿಯ ಜೊತೆ ಕಂಪ್ರೆಸರಿನ ಎಣ್ಣೆಯ ತುಂತುರೂ ತೊಟ್ಟಿಯಲ್ಲಿ ನಿಂತ ನೀರೂ ಬರುತ್ತವೆ, ಆ ಒತ್ತಡ ಧೂಳನ್ನು ಲೆನ್ಸಿನೊಳಕ್ಕೇ ನುಗ್ಗಿಸುತ್ತದೆ. ಡಬ್ಬಿಯಲ್ಲಿರುವುದು ಗಾಳಿಯಲ್ಲ, ಒತ್ತಡದಲ್ಲಿ ದ್ರವವಾಗಿಸಿದ ಅನಿಲ. ಡಬ್ಬಿ ಓರೆಯಾದರೆ ಅದು ಕೊರೆಯುವ ತಣ್ಣನೆಯ ದ್ರವವಾಗಿಯೇ ಚಿಮ್ಮಿ ಗಾಜಿನ ಮೇಲೆ ಕಲೆ ಉಳಿಸುತ್ತದೆ.

ನಲ್ಲಿ ನೀರಿನಿಂದ ಒದ್ದೆ ಮಾಡಿ ಒರೆಸಿದರೆ?

ಬೆಂಗಳೂರಿನಲ್ಲಿ ನಲ್ಲಿಯಲ್ಲಿ ಬರುವುದು ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ ಎಂಬುದು ಆಯಾ ವಾರದ ಅದೃಷ್ಟ. ಬೋರ್‌ವೆಲ್ ನೀರು ಗಡಸು; ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವ ಸುಣ್ಣದ ಅಂಶವೇ ಗಾಜಿನ ಮೇಲೂ ಆರಿ ಬಿಳಿ ಕಲೆಯಾಗುತ್ತದೆ. ನೀರೇ ಬೇಕಾದಾಗ, ಅಂಥ ಸಂದರ್ಭಗಳು ಮುಂದೆ ಬರುತ್ತವೆ, ಡಿಸ್ಟಿಲ್ಡ್ ವಾಟರ್ ಕೊಂಡುಕೊಳ್ಳಿ.

ಜಾಗ ಮತ್ತು ಸಂದರ್ಭ

ಮದುವೆ ಫೋಟೋ ತೆಗೆಯುವಾಗ ಅರಿಶಿನ, ಕುಂಕುಮ, ಎಣ್ಣೆ ಎಲ್ಲವೂ ಹಾರಿ ಬರುತ್ತದೆ. ಹೇಗೆ ತೆಗೆಯುವುದು?

ಒಣಗಿದ ಅರಿಶಿನ ಕುಂಕುಮವನ್ನು ಧೂಳಿನಂತೆಯೇ ನೋಡಬೇಕು: ಒದ್ದೆ ಬಟ್ಟೆ ತಾಗಿಸಿದೊಡನೆ ಅದು ಬಣ್ಣದ ಕೆಸರಾಗಿ ಅಂಚಿನ ಸಂದಿಗೂ ಜೂಮ್ ಉಂಗುರದ ಕೆಳಕ್ಕೂ ಸೇರುತ್ತದೆ. ಬ್ಲೋವರ್, ಕುಂಚ, ಮತ್ತೆ ಬ್ಲೋವರ್. ಆಮೇಲೆ ಉಳಿದ ಹಳದಿ ಛಾಯೆಗೆ ಮಾತ್ರ ಆಲ್ಕೊಹಾಲ್. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಆಲ್ಕೊಹಾಲಿನಲ್ಲಿ ಕರಗುತ್ತದೆ. ಧಾರೆಯ ಸಮಯದಲ್ಲಿ ಅಕ್ಷತೆ ಹಾರುವ ಮೊದಲೇ ಲೆನ್ಸ್ ಬದಲಿಸಿಕೊಂಡಿರುವುದು ಇನ್ನೂ ಒಳ್ಳೆಯದು, ಏಕೆಂದರೆ ಆಗ ಕ್ಯಾಮೆರಾದ ಬಾಯಿ ತೆರೆದಿರುವುದಿಲ್ಲ.

ಹೋಮದ ಹೊಗೆ, ಮಂಗಳಾರತಿಯ ಕರ್ಪೂರದ ಮಸಿ, ಕರಗದ ರಾತ್ರಿ ತಿಗಳರ ಪೇಟೆಯ ಇಕ್ಕಟ್ಟಿನಲ್ಲಿ ಮುಖಕ್ಕೇ ಬರುವ ಹೊಗೆ ಇವು ಬೇರೆ ಬಗೆಯವು. ಇವು ಜಿಡ್ಡಿನ ತೆಳುಪೊರೆಯಾಗಿ ಕೂರುತ್ತವೆ. ಇವುಗಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಬಳಿದಂತಾಗುತ್ತದೆ. ಮನೆಗೆ ಬಂದ ದಿನವೇ ಎರಡು ಟಿಶ್ಯೂ ಬದಲಿಸಿ ದ್ರವದಿಂದ ತೆಗೆಯಿರಿ.

ಮಲ್ಪೆ, ಗೋಕರ್ಣಕ್ಕೆ ಹೋಗಿ ಬಂದ ಮೇಲೆ ಲೆನ್ಸಿನ ಮೇಲೆ ಮಂಜಿನಂಥ ಪೊರೆ ಕಾಣುತ್ತಿದೆ.

ಅದು ಕಡಲ ಗಾಳಿ ಹೊತ್ತು ತಂದ ಉಪ್ಪು. ಆರಿದ ಉಪ್ಪು ಹರಳುಗಳಾಗಿರುವುದರಿಂದ ಒಣಗಿರುವಾಗಲೇ ಒರೆಸಬಾರದು. ಆಲ್ಕೊಹಾಲಿನಲ್ಲಿ ಉಪ್ಪು ಕರಗುವುದೂ ಇಲ್ಲ. ಡಿಸ್ಟಿಲ್ಡ್ ನೀರಿನಿಂದ ತೇವ ಮಾಡಿ ಹಿಂಡಿದ ಟಿಶ್ಯೂವನ್ನು ಗಾಜಿನ ಮೇಲೆ ಕೆಲವು ಕ್ಷಣ ಹಾಗೇ ಇಟ್ಟು, ಉಪ್ಪು ಕರಗಿದ ಮೇಲೆ ಎತ್ತಿ, ಹೊಸ ಟಿಶ್ಯೂವಿನಿಂದ ಮೆಲ್ಲಗೆ ಒರೆಸಿ, ಕೊನೆಗೆ ಒಂದು ಸುತ್ತು ಆಲ್ಕೊಹಾಲಿನಿಂದ ಮುಗಿಸಬೇಕು. ಲೆನ್ಸನ್ನು ಕ್ಯಾಮೆರಾಗೆ ಕೂಡಿಸುವ ಲೋಹದ ಮೌಂಟಿಗೂ ಟ್ರೈಪಾಡಿನ ಕಾಲುಗಳಿಗೂ ಉಪ್ಪು ಗಾಜಿಗಿಂತ ದೊಡ್ಡ ಶತ್ರು. ಅವನ್ನೂ ಅದೇ ದಿನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ನಂದಿ ಬೆಟ್ಟದಿಂದ ಇಳಿದು ಕಾರು ಹತ್ತಿದ ಕೂಡಲೇ ಲೆನ್ಸ್ ಪೂರ್ತಿ ಮಬ್ಬಾಯಿತು. ಒರೆಸಬೇಕೇ?

ಒರೆಸಬೇಡಿ, ಕಾಯಿರಿ. ಬೆಳಗಿನ ಚಳಿಯಲ್ಲಿ ತಣ್ಣಗಾದ ಗಾಜಿಗೆ ಕಾರಿನೊಳಗಿನ ಬೆಚ್ಚಗಿನ, ಉಸಿರಿನ ತೇವ ತುಂಬಿದ ಗಾಳಿ ತಾಗಿದಾಗ ನೀರಾವಿ ಹನಿಯುತ್ತದೆ. ಲೆನ್ಸ್ ಬೆಚ್ಚಗಾದಂತೆ ಅದು ತಾನೇ ಆರುತ್ತದೆ. ಕಾರು ಹತ್ತುವ ಮೊದಲೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿಟ್ಟರೆ ಹನಿ ಚೀಲದ ಹೊರಮೈ ಮೇಲೆ ಕೂರುತ್ತದೆಯೇ ಹೊರತು ಗಾಜಿನ ಮೇಲಲ್ಲ. ಕರಾವಳಿಯ ಹೋಟೆಲಿನ ಎಸಿ ಕೋಣೆಯಿಂದ ಹೊರಗೆ ಬಂದಾಗ ಆಗುವುದೂ ಇದೇ. ಮಬ್ಬು ಇರುವಾಗ ಲೆನ್ಸನ್ನು ಕಳಚಬಾರದು.

ಲೆನ್ಸಿನ ಮುಂದೆ ಯುವಿ ಫಿಲ್ಟರ್ ಎಂಬ ಗಾಜು ಹಾಕಿಬಿಟ್ಟರೆ ಈ ತಲೆನೋವೇ ಇಲ್ಲವಲ್ಲ?

ತಲೆನೋವು ಒಂದು ಗಾಜು ಮುಂದಕ್ಕೆ ಹೋಗುತ್ತದೆ, ಅಷ್ಟೇ. ಫಿಲ್ಟರಿನಿಂದ ಬೆಳಕು ಪುಟಿಯುವ ಎರಡು ಮೇಲ್ಮೈಗಳು ಹೆಚ್ಚಾಗುತ್ತವೆ; ಅಗ್ಗದ ಫಿಲ್ಟರಾದರೆ ರಾತ್ರಿಯ ಚಿತ್ರಗಳಲ್ಲಿ ದೀಪದ ಭೂತಬಿಂಬಗಳು ಮೂಡುತ್ತವೆ. ಆದರೂ ಕಡಲತೀರ, ಹೋಳಿ, ಪರಿಷೆ, ಕಟ್ಟಡ ಕೆಲಸದ ಜಾಗ ಇಂಥ ಕಡೆ ಒಳ್ಳೆಯ ಲೇಪನದ ಫಿಲ್ಟರ್ ಹಾಕುವುದನ್ನು ನಾನು ಒಪ್ಪುತ್ತೇನೆ. ಉಳಿದ ಸಮಯದಲ್ಲಿ ಲೆನ್ಸಿನ ಮೂತಿಗೆ ಹಾಕುವ ಬಳೆಯಂಥ ಮರೆ, ಅಂದರೆ ಲೆನ್ಸ್ ಹುಡ್, ಸಾಕು. ಅದು ಬೆರಳನ್ನೂ ಮಳೆಹನಿಯನ್ನೂ ತಡೆಯುತ್ತದೆ, ಬೆಳಕಿಗೆ ಅಡ್ಡ ಬರುವುದಿಲ್ಲ.

ಮೊಬೈಲಿನ ಲೆನ್ಸಿಗೂ ಇಷ್ಟೆಲ್ಲ ಬೇಕೇ?

ಬೇಡ. ಅದರ ಹೊರಗಾಜು ಗಡಸಾದದ್ದು, ಅದರ ಮುಖ್ಯ ಕೊಳೆ ಬೆರಳಿನ ಮತ್ತು ಕೆನ್ನೆಯ ಜಿಡ್ಡು. ಜೇಬಿನ ಕಸವನ್ನು ಬ್ಲೋವರಿನಿಂದ ಹಾರಿಸಿ ಶುಭ್ರವಾದ ಮೈಕ್ರೋಫೈಬರಿನಿಂದ ಒರೆಸಿದರೆ ಮುಗಿಯಿತು.

ಒಳಗಿನ ತೊಂದರೆಗಳು

ಲೆನ್ಸಿನ ಒಳಗೆ ಜೇಡರ ಬಲೆಯಂತೆ ಏನೋ ಕಾಣುತ್ತಿದೆ. ಹೊರಗಿನಿಂದ ಒರೆಸಿದರೆ ಹೋಗುತ್ತಿಲ್ಲ.

ಅದು ಬೂಷ್ಟು. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಸಾಪೇಕ್ಷ ಆರ್ದ್ರತೆ ಶೇ. 60ರಿಂದ 70ನ್ನು ದಾಟಿ, ಕತ್ತಲೆಯೂ ನಿಂತ ಗಾಳಿಯೂ ಸೇರಿದರೆ ಅವು ಮೊಳೆಯುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ಅಷ್ಟು ತೇವ ದಿನದ ಹೆಚ್ಚಿನ ಹೊತ್ತು ಇರುತ್ತದೆ. ತಣ್ಣಗಿನ ಊರೆಂಬ ಹೆಮ್ಮೆಯಲ್ಲಿ ನಾವು ಇದನ್ನು ಮಂಗಳೂರಿನವರ ಸಮಸ್ಯೆಯೆಂದುಕೊಂಡಿರುತ್ತೇವೆ. ಬೂಷ್ಟಿನ ಎಳೆಗಳು ಸ್ರವಿಸುವ ಆಮ್ಲ ಮೊದಲು ಲೇಪನವನ್ನೂ ಆಮೇಲೆ ಗಾಜನ್ನೂ ತಿನ್ನುತ್ತದೆ. ಬೇಗ ಕಂಡುಹಿಡಿದರೆ ಬಿಚ್ಚಿ ಒರೆಸಿ ತೆಗೆಯಬಹುದು. ತಡವಾದರೆ ಬೂಷ್ಟು ಹೋದರೂ ಅದರ ಚಿತ್ತಾರ ಉಳಿಯುತ್ತದೆ. ಇದನ್ನು ನುರಿತವರಿಗೇ ಬಿಡಿ: ಒಳಗಾಜುಗಳ ಲೇಪನ, ಅದರಲ್ಲೂ ಹಳೆಯ ಲೆನ್ಸುಗಳದು, ಹೊರಗಿನದಕ್ಕಿಂತ ಮೆದುವಾಗಿರಬಹುದು, ಗಾಜನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಅಲ್ಲಿಯವರೆಗೆ ಆ ಲೆನ್ಸನ್ನು ಬೇರೆಯಾಗಿ ಇಡುವುದು ವಿವೇಕ.

ಬಿಸಿಲಿಗೆ ಇಟ್ಟರೆ ಬೂಷ್ಟು ಸಾಯುತ್ತದೆ ಎನ್ನುತ್ತಾರೆ. ನಿಜವೇ?

ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಬಹುಪಾಲನ್ನು ಮುಂದಿನ ಗಾಜುಗಳೇ ತಡೆಯುವುದರಿಂದ ಒಳಗಿರುವ ಬೂಷ್ಟಿಗೆ ಅದರ ಪರಿಣಾಮ ಅಲ್ಪ. ಸತ್ತರೂ ಕಲೆ ಅಳಿಯುವುದಿಲ್ಲ. ಬಿಸಿಗೆ ಒಳಗಿನ ಗ್ರೀಸ್ ಕರಗಿ ಹರಿಯುವ ಸಾಧ್ಯತೆಯಿದೆ. ಮುಚ್ಚಳವಿಲ್ಲದ ಲೆನ್ಸ್ ಭೂತಗನ್ನಡಿಯಂತೆಯೇ ಬಿಸಿಲನ್ನು ಒಂದೆಡೆ ಕೂಡಿಸಿ ಪರದೆಗೋ ಹಾಸಿಗೆಗೋ ಬೆಂಕಿ ಹಚ್ಚಬಲ್ಲದೆಂಬುದನ್ನೂ ಮರೆಯಬಾರದು.

ತೇವವನ್ನು ಹಿಡಿತದಲ್ಲಿಡುವ ಡ್ರೈ ಕ್ಯಾಬಿನೆಟ್ ದುಬಾರಿ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಆಗುವುದಿಲ್ಲವೇ?

ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗಳಿಗೆ ಸೇರುತ್ತದೆ, ಅದು ಹೀರುವ ತೇವವೂ ಅಲ್ಪ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಸಣ್ಣ ಆರ್ದ್ರತೆ ಮಾಪಕ ಮತ್ತು ಸಿಲಿಕಾ ಜೆಲ್ ಇಷ್ಟೇ ಸಾಕು. ನನ್ನ ಹಳೆಯ ಲೆನ್ಸುಗಳು ಇಂಥ ಡಬ್ಬಿಯಲ್ಲೇ ಇವೆ. ಮಾಪಕ ಶೇ. 40ರಿಂದ 50ರೊಳಗೆ ತೋರಿಸುತ್ತಿರಲಿ. ಅದಕ್ಕಿಂತ ಬಹಳ ಕೆಳಗಿಳಿಸುವ ಹಠ ಬೇಡ. ಸಿಲಿಕಾ ಜೆಲ್ ಬಣ್ಣ ಬದಲಿಸಿದಾಗ 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ವಸ್ತುವಿರುವುದರಿಂದ ಕಿತ್ತಳೆ ಬಣ್ಣದ್ದನ್ನು ಆರಿಸಿಕೊಳ್ಳಿ, ಅಡುಗೆಯ ಪಾತ್ರೆ ಬಳಸಬೇಡಿ.

ಇನ್ನೊಂದು ಮಾತು ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ರೇಷ್ಮೆ ಸೀರೆಗಳಿರುವ ಬೀರುವಿನಲ್ಲಿ ನುಸಿಗುಳಿಗೆಯ ಪಕ್ಕ ಕ್ಯಾಮೆರಾ ಇಡುವ ರೂಢಿ ಬಹಳ ಕಡೆ ಇದೆ. ನ್ಯಾಫ್ತಲೀನ್ ಅಥವಾ ಕರ್ಪೂರದ ಗುಳಿಗೆಗಳ ಜೊತೆ ಕ್ಯಾಮೆರಾ ಇಡಬಾರದೆಂದು ತಯಾರಕರ ಕೈಪಿಡಿಗಳಲ್ಲೇ ಎಚ್ಚರಿಕೆಯಿದೆ. ಚರ್ಮದ ಪೆಟ್ಟಿಗೆಯಿಂದಲೂ ಲೆನ್ಸನ್ನು ಹೊರಗೆ ತೆಗೆದಿಡಿ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬೂಷ್ಟಲ್ಲ, ಆದರೆ ಒಳಗೆ ಹಾಲಿನಂಥ ಮಬ್ಬು ಇದೆ. ಅದೇನು?

ಎರಡು ಕಾರಣಗಳಿರಬಹುದು. ಫೋಕಸ್ ಉಂಗುರದ ಗ್ರೀಸ್ ವರ್ಷಗಳ ಕಾಲ ಆವಿಯಾಗಿ ಒಳಗಾಜಿನ ಮೇಲೆ ಕೂತ ಪೊರೆಯಾದರೆ ಅದು ಗಾಜಿನುದ್ದಕ್ಕೂ ಸಮನಾಗಿರುತ್ತದೆ. ಬಿಚ್ಚಿ ಒರೆಸಿದರೆ ಹೆಚ್ಚಿನ ಬಾರಿ ಹೋಗುತ್ತದೆ. ಒಂದಕ್ಕೊಂದು ಅಂಟಿಸಿದ ಗಾಜುಗಳ ನಡುವಿನ ಅಂಟು ಬಿಡುತ್ತಿದ್ದರೆ ಅಂಚಿನಿಂದ ಒಳಮುಖವಾಗಿ ಹಬ್ಬುವ ಕಾಮನಬಿಲ್ಲಿನ ಬಣ್ಣದ ಪಟ್ಟಿ ಅಥವಾ ಗುಳ್ಳೆಗಳು ಕಾಣುತ್ತವೆ. ಎರಡನೆಯದಕ್ಕೆ ಅಂಟನ್ನು ಬಿಡಿಸಿ ಹೊಸದಾಗಿ ಕೂಡಿಸಬೇಕಾಗುತ್ತದೆ; ಅಪರೂಪದ ಲೆನ್ಸಲ್ಲದಿದ್ದರೆ ಅದರ ಖರ್ಚು ಗಿಟ್ಟುವುದಿಲ್ಲ. ಹಳೆಯ ಲೆನ್ಸ್ ಕೊಳ್ಳುವವರು ಹಿಂದಿನಿಂದ ಟಾರ್ಚ್ ಹಾಯಿಸಿ ಈ ಎರಡನ್ನೂ ನೋಡಿಕೊಂಡೇ ದುಡ್ಡು ಕೊಡಬೇಕು.

ಬಿದ್ದ ಗೀರನ್ನು ಪಾಲಿಶ್ ಮಾಡಿ ತೆಗೆಸಬಹುದೇ?

ಮಾಡಿಸಬೇಡಿ. ಪಾಲಿಶ್ ಮಾಡಿದರೆ ಗೀರಿನ ಸುತ್ತಲಿನ ಲೇಪನವೂ ಗಾಜಿನ ಲೆಕ್ಕಾಚಾರದ ಬಾಗೂ ಹೋಗುತ್ತವೆ, ಒಂದು ಗೀರಿನ ಬದಲು ಇಡೀ ಲೆನ್ಸ್ ಕೆಡುತ್ತದೆ. ಮುಂದಿನ ಗಾಜಿನ ಸಣ್ಣ ಗೀರು ಎದುರು ಬೆಳಕಿಲ್ಲದಾಗ ಕಾಣುವುದೇ ಇಲ್ಲ. ನನ್ನ ಪರಿಷೆಯ ಲೆನ್ಸಿನಲ್ಲಿ ಈಗಲೂ ಚಿತ್ರ ತೆಗೆಯುತ್ತೇನೆ.

ಲೆನ್ಸಿನ ಹಿಂಬದಿಯಲ್ಲಿ ಕ್ಯಾಮೆರಾದೊಡನೆ ವಿದ್ಯುತ್ ಸಂಪರ್ಕ ಕೊಡುವ ಚಿನ್ನದ ಬಣ್ಣದ ಬಿಂದುಗಳನ್ನು ರಬ್ಬರಿನಿಂದ ಉಜ್ಜಿದರೆ ಲೆನ್ಸ್ ಸರಿಯಾಗುತ್ತದೆ ಎಂದರು.

ಪೆನ್ಸಿಲ್ ರಬ್ಬರ್ ಸಣ್ಣ ಉಪ್ಪುಕಾಗದವಿದ್ದಂತೆ. ಅದು ಚಿನ್ನದ ತೆಳುಲೇಪವನ್ನು ಕೆರೆದು ಹಾಕುತ್ತದೆ, ಅದರ ಪುಡಿ ಕ್ಯಾಮೆರಾದೊಳಕ್ಕೆ ಬೀಳುತ್ತದೆ. ಒಣ ಮೈಕ್ರೋಫೈಬರಿನಿಂದ ಒರೆಸಿ. ಸರಿಹೋಗದಿದ್ದರೆ ಆಲ್ಕೊಹಾಲಿನಿಂದ ತುಸುವೇ ತೇವ ಮಾಡಿದ ಟಿಶ್ಯೂ ಬಳಸಿ.

ಲೆನ್ಸ್ ಶುಭ್ರವಾಗಿದ್ದರೂ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಬರುತ್ತಿವೆ. ಏಕೆ?

ಅವು ಸೆನ್ಸರಿನ ಮೇಲಿನ ಧೂಳು. ಅಪರ್ಚರನ್ನು ಎಫ್/16 ಅಥವಾ ಎಫ್/22ಕ್ಕೆ ಕಿರಿದು ಮಾಡಿ, ಫೋಕಸ್ ಕೆಡಿಸಿ, ಬರಿಯ ಆಕಾಶದ ಚಿತ್ರ ತೆಗೆದು ನೋಡಿ. ಲೆನ್ಸ್ ಬದಲಿಸಿದರೂ ಚುಕ್ಕೆಗಳು ಅದೇ ಜಾಗದಲ್ಲಿದ್ದರೆ ಅನುಮಾನವಿಲ್ಲ. ಮೊದಲು ಕ್ಯಾಮೆರಾದ ಸ್ವಯಂ ಸ್ವಚ್ಛತಾ ವ್ಯವಸ್ಥೆಯನ್ನು ಚಲಾಯಿಸಿ. ಆಮೇಲೆ ಬ್ಯಾಟರಿ ಪೂರ್ತಿ ತುಂಬಿರುವಾಗ, ಕ್ಯಾಮೆರಾದ ಬಾಯಿ ಕೆಳಮುಖವಾಗಿರುವಂತೆ ಹಿಡಿದು, ಬ್ಲೋವರಿನ ಮೂತಿ ಒಳಗೆ ಹೋಗದಂತೆ ಗಾಳಿ ಹಾಯಿಸಿ. ಇದರಿಂದ ಹೋಗದ್ದಕ್ಕೆ ಸೆನ್ಸರಿನ ಅಳತೆಗೆ ಸರಿಹೊಂದುವ ಒದ್ದೆ ಸ್ವಾಬ್ ಬೇಕಾಗುತ್ತದೆ: ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿಗೆ 24 ಮಿ.ಮೀ., ಎಪಿಎಸ್-ಸಿ ಎಂಬ ಚಿಕ್ಕದಕ್ಕೆ 16 ಮಿ.ಮೀ. ಅಗಲದ್ದು. ಲೆನ್ಸಿನ ಬಟ್ಟೆಯನ್ನಾಗಲಿ, ಕುಂಚವನ್ನಾಗಲಿ, ಲೆನ್ಸ್‌ಪೆನ್ನನ್ನಾಗಲಿ ಅಲ್ಲಿಗೆ ತರಬಾರದು. ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿಯ ಲೇಪನ ಮುಂಭಾಗದಲ್ಲೇ ಇರುವುದರಿಂದ ಅದನ್ನೂ ಅದರ ಮೇಲಿನ ಫೋಕಸಿಂಗ್ ಪರದೆಯನ್ನೂ ಮುಟ್ಟದಿರುವುದೇ ಕ್ಷೇಮ. ಅಲ್ಲಿನ ಧೂಳು ಕಣ್ಣಿಗೆ ಕಂಡರೂ ಚಿತ್ರದಲ್ಲಿ ಬರುವುದಿಲ್ಲ.

ರಿಪೇರಿಗೆ ಕೊಡುವ ಮುನ್ನ ಅಂಗಡಿಯವರನ್ನು ಏನು ಕೇಳಬೇಕು?

ಬಿಚ್ಚುವುದು ಯಾರು, ಅಂಗಡಿಯಲ್ಲೇ ಬಿಚ್ಚುತ್ತಾರೋ ಬೇರೆಡೆ ಕಳಿಸುತ್ತಾರೋ, ಗಾಜುಗಳ ಕೇಂದ್ರವನ್ನು ಮತ್ತೆ ಹೊಂದಿಸುವ ಸಲಕರಣೆ ಇದೆಯೇ, ಬೂಷ್ಟು ಗಾಜನ್ನು ತಿಂದಿದ್ದರೆ ಕೆಲಸ ನಿಲ್ಲಿಸಿ ತಿಳಿಸುತ್ತಾರೆಯೇ ಎಂಬ ನಾಲ್ಕು ಮಾತನ್ನು ಕೇಳಿ, ದರವನ್ನು ಬರೆಸಿಕೊಳ್ಳಿ. ವಾರಂಟಿ ಉಳಿದಿದ್ದರೆ ತಯಾರಕರ ಅಧಿಕೃತ ಸೇವಾಕೇಂದ್ರ ಬಿಟ್ಟು ಬೇರೆಡೆ ಬಿಚ್ಚಿಸಬೇಡಿ. ಕೊಡುವ ಮೊದಲು ಲೆನ್ಸಿನ ಸರಣಿ ಸಂಖ್ಯೆಯನ್ನೂ, ಟಾರ್ಚ್ ಬೆಳಕಿನಲ್ಲಿ ಕಾಣುವ ಕಲೆಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸು ಪಡೆಯುವಾಗ ಅಂಗಡಿಯ ಬಾಗಿಲಲ್ಲೇ ನಿಂತು, ಎದುರಿನ ಇಟ್ಟಿಗೆ ಗೋಡೆಗೋ ಶಟರಿಗೋ ನೇರವಾಗಿ ಲೆನ್ಸ್ ಹಿಡಿದು, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡಿದಾಗ ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಗಾಜು ಓರೆಯಾಗಿ ಕೂತಿದೆಯೆಂದರ್ಥ. ಹಣ ಕೊಡುವ ಮೊದಲೇ ಅದನ್ನು ತೋರಿಸಿ, ಲೆನ್ಸನ್ನು ಅಲ್ಲಿಯೇ ಬಿಟ್ಟು ಬನ್ನಿ.